ಮಾರ್ತವ್ವನ ತಮ್ಮ

ದಾವಣಗೆರೆಯಲ್ಲಿ ಆಗ ಮನೆಗೊಂದು ಗಡಿಯಾರ ಬೇಕಿರಲಿಲ್ಲ. ಹತ್ತಿ ಮಿಲ್ಲಿನ ಒಂದು ಕೂಗಿಗೆ ಒಲೆ ಹಚ್ಚುತ್ತಿದ್ದರು, ಇನ್ನೊಂದು ಕೂಗಿಗೆ ರೊಟ್ಟಿ ಬಡಿಯುತ್ತಿದ್ದರು. ಸಂಜೆಯ ಕೂಗಿಗೆ ನಮ್ಮಪ್ಪ ತಲೆಯ ಮೇಲೆಲ್ಲ ಹತ್ತಿಯ ನವಿರು ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಹಳೇಪೇಟೆ ಕಡೆಯ ನಮ್ಮ ಓಣಿಯಲ್ಲಿ ಹನ್ನೆರಡು ಮನೆ, ಎರಡು ನಲ್ಲಿ, ಒಂದು ಬೇವಿನ ಮರ. ಅಷ್ಟೂ ಮನೆಗೆ ಸೇರಿ ಒಂದೇ ಒಂದು ಕತೆಪುಸ್ತಕ. ಅದು ನನ್ನದು. ಅದನ್ನು ನನ್ನಿಂದ ಕಿತ್ತುಕೊಂಡವಳ ಮೇಲೆ ನಾನು ಸೇಡು ತೀರಿಸಿಕೊಂಡೆ. ಹನ್ನೊಂದು ವರ್ಷದ ಹುಡುಗಿಯ ಸೇಡು ಎಂದು ನಗುವವರು ಈಗಲೇ ನಕ್ಕುಬಿಡಿ.

ಶಾಲೆಯ ವಚನ ಕಂಠಪಾಠದಲ್ಲಿ ನನಗೆ ಮೊದಲನೇ ಬಹುಮಾನ ಬಂದಿತ್ತು. ಲೋಟವೋ ತಟ್ಟೆಯೋ ಕೊಡುತ್ತಾರೆ ಎಂದುಕೊಂಡಿದ್ದರೆ ಪುಸ್ತಕ ಕೊಟ್ಟರು. ಅಂಟಿನ ವಾಸನೆ ಇನ್ನೂ ಹೋಗದ ಹೊಸ ಪುಸ್ತಕ. ಅದರಲ್ಲಿ ಯಾವುದೋ ದೂರದ ದೇಶ, ಅಲ್ಲೊಂದು ಯುದ್ಧ. ಮಾರ್ತಾ ಎಂಬ ಹುಡುಗಿಗೆ ನನ್ನಷ್ಟೇ ವಯಸ್ಸು. ಊರು ಬಿಟ್ಟು ಓಡುವ ಜನರ ನೂಕಾಟದಲ್ಲಿ ಅವಳ ಕೈಯಿಂದ ಪುಟ್ಟ ತಮ್ಮನ ಕೈ ಜಾರಿಹೋಗುತ್ತದೆ. ಅವನ ಟೊಪ್ಪಿಗೆ ಮಾತ್ರ ಅವಳ ಕೈಯಲ್ಲಿ ಉಳಿಯುತ್ತದೆ. ಆ ಟೊಪ್ಪಿಗೆ ಹಿಡಿದುಕೊಂಡು ಅವಳು ಸುಟ್ಟ ಊರುಗಳನ್ನು ದಾಟುತ್ತ ತಮ್ಮನನ್ನು ಹುಡುಕುತ್ತಾಳೆ. ಬಹುಮಾನ ಕೊಟ್ಟ ಟೀಚರಿಗೆ ಒಳಗೆ ಏನಿದೆ ಎಂದು ಗೊತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು.

ಭಾನುವಾರ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಹೆಂಗಸರು ಅಕ್ಕಿಯ ಕಲ್ಲು ಆರಿಸುತ್ತ, ಬೆಳ್ಳುಳ್ಳಿ ಸುಲಿಯುತ್ತ ಕೇಳುತ್ತಿದ್ದರು. ಮಾರ್ತಾ ಅವರ ಬಾಯಲ್ಲಿ ಎರಡೇ ವಾರಕ್ಕೆ ಮಾರ್ತವ್ವ ಆದಳು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು, "ಪಾಪ, ಮಾರ್ತವ್ವ ಉಂಡ್ಲೋ ಇಲ್ಲೋ" ಎಂದು ಮಾತಾಡಿಕೊಳ್ಳುವಷ್ಟು ಅವಳು ನಮ್ಮ ಓಣಿಯವಳಾಗಿದ್ದಳು. ವಾರಕ್ಕೆ ಒಂದೇ ಅಧ್ಯಾಯ. ನಾನೊಬ್ಬಳೇ ಮುಂದೆ ಓದಿಬಿಟ್ಟರೆ ಬಾಯಿ ತಡೆಯದೆ ಹೇಳಿಬಿಡುತ್ತೇನೆಂದು ಎಲ್ಲರಿಗೂ ಅನುಮಾನ. ಅದು ಸುಳ್ಳೂ ಅಲ್ಲ. ಅದಕ್ಕೇ ಓದು ಮುಗಿದ ಕೂಡಲೇ ಪುಸ್ತಕ ಹಾಲಮ್ಮತ್ತೆಯ ಟ್ರಂಕಿಗೆ ಹೋಗುತ್ತಿತ್ತು. ಬೀಗದ ಕೈ ಅವಳ ಸೊಂಟದಲ್ಲಿ.

ಹಾಲಮ್ಮತ್ತೆ ನಮ್ಮಪ್ಪನ ಅಕ್ಕ. ಕುಕ್ಕುವಾಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದವಳು ಇಲ್ಲೇ ನಿಂತಳು. ಮನೆ ನಡೆಯುತ್ತಿದ್ದದ್ದು ಅವಳ ಮಾತಿನ ಮೇಲೆ. ಮಗ ಕೊಟ್ರೇಶ ದಂಡಿಗೆ ಸೇರಿ ಎರಡು ವರ್ಷವಾಗಿತ್ತು, ಬೆಂಗಳೂರಿನ ಬ್ಯಾರಕ್ಕಿನಲ್ಲಿದ್ದ. ನನಗೆ ಅವನು ಕೊಟ್ರೇಶ ಮಾವ. ಅತ್ತೆ ನನ್ನ ತಲೆ ಬಾಚುವಾಗಲೆಲ್ಲ, "ಗಟ್ಟಿ ಕೂಡ್ರು ಸೊಸೀ. ಈ ಕೂದ್ಲು ನೋಡ್ಕಂಡು ನನ್ ಮಗ ಓಡಿಹೋಗ್ತಾನೆ" ಎಂದು ರೇಗಿಸುತ್ತಿದ್ದಳು. ನಾನು ನಾಚಿಕೊಂಡು ಅವಳ ತೊಡೆ ಚಿವುಟುತ್ತಿದ್ದೆ. ಅಷ್ಟು ಸಲಿಗೆ ಇತ್ತು ನಮ್ಮಿಬ್ಬರಲ್ಲಿ. ಮಾರ್ತವ್ವನ ಓದು ನಡೆದಿದ್ದಾಗಲೇ, ಗಣಪತಿ ಹಬ್ಬದ ಸುಮಾರಿಗೆ ಅವನು ಎಂಟು ದಿನದ ರಜಕ್ಕೆ ಬಂದು ಹೋಗಿದ್ದ.

ಆಮೇಲೆ ಚೀನಾದವರ ಜೊತೆ ಯುದ್ಧದ ಮಾತು ಶುರುವಾಯಿತು. ಹೋಟೆಲಿನ ರೇಡಿಯೋ ಮುಂದೆ ಗಂಡಸರು ನಿಂತೇ ಇರುತ್ತಿದ್ದರು. ಆ ಭಾನುವಾರ ನಾನು ಓದಿದ ಅಧ್ಯಾಯದಲ್ಲಿ ಮಾರ್ತಾ ಒಂದು ರೈಲು ನಿಲ್ದಾಣಕ್ಕೆ ಬಂದಿದ್ದಳು. ಸೈನಿಕರು ತುಂಬಿದ ಗಾಡಿ ಹೊರಡುತ್ತದೆ, ಒಬ್ಬ ಮುದುಕಿ ಗಾಡಿಯ ಜೊತೆಗೇ ಓಡುತ್ತ ಮಗನ ಹೆಸರು ಕೂಗುತ್ತಾಳೆ, ಮಗ ಕಾಣುವುದಿಲ್ಲ. ಓದುತ್ತಿದ್ದಾಗಲೇ ಅತ್ತೆ ಬೆಳ್ಳುಳ್ಳಿಯ ಮೊರ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ನನಗೆ ಅದು ಕಂಡಿತು. ಕಂಡರೂ ಓದು ನಿಲ್ಲಿಸಲಿಲ್ಲ, ಯಾಕೆಂದರೆ ಎಲ್ಲರೂ ಅಳುತ್ತಿದ್ದರು ಮತ್ತು ಅಳಿಸುತ್ತಿದ್ದವಳು ನಾನು. ಇನ್ನು ಇಪ್ಪತ್ತು ಪುಟ ಉಳಿದಿದ್ದವು.

ಮಾರನೆಯ ದಿನ ಶಾಲೆಯಿಂದ ಬಂದಾಗ ನಡುಮನೆಯಲ್ಲಿ ಒಂದು ಮೊರದ ತುಂಬ ಮಂಡಕ್ಕಿ ಇತ್ತು. ಭಟ್ಟಿಯಿಂದ ಆಗತಾನೆ ಬಂದದ್ದು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಅತ್ತೆ ಅದಕ್ಕೆ ಹಸಿಮೆಣಸಿನಕಾಯಿ, ಕೊಬ್ಬರಿ ಹಾಕಿ ಕಲಸಿ ನನ್ನ ಮುಂದಿಟ್ಟಳು. ಹಸಿದಿದ್ದೆ, ಗಬಗಬ ತಿಂದೆ. ಅರ್ಧ ತಿಂದಾದ ಮೇಲೆ ಕೇಳಿದೆ, "ಎಲ್ಲಿಂದ ಬಂತು ಅತ್ತೇ ಇಷ್ಟೊಂದು?"

"ಬೀಬಮ್ಮ ಕೊಟ್ಲು. ನಿನ್ ಪುಸ್ತಕ ಕೊಟ್ಟೆ ಅವ್ಳಿಗೆ, ಪೊಟ್ಟಣ ಕಟ್ಟಾಕೆ."

ಬೀಬಮ್ಮ ಮಂಡಕ್ಕಿ ಭಟ್ಟಿಯ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದವಳು.

"ಇನ್ನೂ ಮುಗಿದಿಲ್ಲಲ್ಲ ಅತ್ತೇ! ಮಾರ್ತಾನ ತಮ್ಮ ಸಿಕ್ಕನೋ ಇಲ್ಲೋ?"

"ಸಿಗ್ಲಿ ಬಿಡ್ಲಿ, ನಂಗೇನು! ಬರೇ ಸಾಯಾದು, ಸುಡಾದು. ಅಂಥದ್ದು ಮನ್ಯಾಗ ಇರಬಾರ್ದು. ಇನ್ ಅದರ ಹೆಸ್ರು ಎತ್ತಬ್ಯಾಡ."

ಭಟ್ಟಿಯವರೆಗೂ ಓಡಿದೆ. ಬೀಬಮ್ಮ ಒಳ್ಳೆಯವಳೇ, ನನ್ನ ಮುಖ ನೋಡಿ ಬುಟ್ಟಿ ಕೆಳಗಿಟ್ಟು ಹುಡುಕಿದಳು. "ಯಾ ಅಲ್ಲಾ, ಇದು ನಿಂದೇನವ್ವ? ಹರದಾಕಿಬಿಟ್ನಲ್ಲೇ" ಎಂದು ಉಳಿದ ಏಳೆಂಟು ಹಾಳೆ ಕೊಟ್ಟಳು. ಎಲ್ಲ ಮೊದಲ ಭಾಗದವು. ಕೊನೆಯ ಹಾಳೆಗಳು ಮಿಲ್ಲಿನ ಬಾಗಿಲಿಗೆ ಹೋಗಿದ್ದವು. ಅಲ್ಲಿಗೂ ಹೋದೆ. ಪಾಳಿ ಬಿಟ್ಟು ಬಂದ ಕಾರ್ಮಿಕರು ತಿಂದು ಎಸೆದ ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮೂರು ದಿನ ಹಾಗೇ ನೋಡಿದೆ. ಎಣ್ಣೆ ಹೀರಿ ಕನ್ನಡಿಯಂತಾಗಿದ್ದ ಒಂದು ಹಾಳೆಯಲ್ಲಿ ಮಾರ್ತಾ ಸೇತುವೆ ದಾಟುತ್ತಿದ್ದಳು. ಅದು ಓದಿದ್ದೇ. ಅದರ ಮುಂದಿನದು ಸಿಗಲೇ ಇಲ್ಲ. ಮೆಣಸಿನಕಾಯಿ ಅಂಟಿದ್ದ ಬೆರಳಿನಿಂದ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತುಬಿಟ್ಟೆ. ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಆ ಮಂಡಕ್ಕಿಯನ್ನು ನಾನೇ ತಿಂದದ್ದಕ್ಕೆ, ರುಚಿಯಾಗಿದೆ ಎಂದು ತಿಂದದ್ದಕ್ಕೆ.

ಆ ಶುಕ್ರವಾರ ಅವ್ವನ ಜೊತೆ ದುಗ್ಗಮ್ಮನ ಗುಡಿಗೆ ಹೋದಾಗ, ಅವ್ವ ಕಾಯಿ ಒಡೆಸುತ್ತಿದ್ದಳು, ನಾನು ಕಂಬ ಮುಟ್ಟಿ ಆಣೆ ಮಾಡಿದೆ. ನನ್ನ ಕತೆಯ ಕೊನೆ ನನಗೆ ಸಿಗುವ ತನಕ ನಮ್ಮ ಮನೆಯಲ್ಲಿ ಯಾವುದರ ಕೊನೆಯೂ ಯಾರಿಗೂ ಸಿಗಬಾರದು. ಮೋಸ ಮಾಡಿದಂತಾಗಬಾರದೆಂದು ಒಂದು ಮಾತು ಸೇರಿಸಿದೆ: ನನಗೂ ಸಿಗಬಾರದು. ಈ ಎರಡನೆಯ ಮಾತು ಸೇರಿಸಿದ್ದಕ್ಕೆ ಬಹಳ ಹೆಮ್ಮೆಪಟ್ಟಿದ್ದೆ.

ಆಣೆ ತೀರಿಸುವ ದಾರಿ ನನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಅಪ್ಪನಿಗೆ ಸಹಿ ಬರುತ್ತಿತ್ತು, ಅಷ್ಟೇ. ಕೊಟ್ರೇಶ ಮಾವನ ಕಾಗದಗಳನ್ನು ಅತ್ತೆಗೆ ಓದಿ ಹೇಳುವವಳು ನಾನು, ಅವಳು ಹೇಳಿದ್ದನ್ನು ಬರೆಯುವವಳೂ ನಾನು. ಅವನು ನೋಟ್‌ಬುಕ್ಕಿನ ಹಾಳೆ ಹರಿದು ಒಂದೇ ಮಗ್ಗುಲಿಗೆ ಬರೆಯುತ್ತಿದ್ದ, ಪ್ರತಿ ಸಲ ಮೂರು ಹಾಳೆ. ಮೊದಲ ಎರಡು ಹಾಳೆ ಊರಿಗೆಲ್ಲ: ಬ್ಯಾರಕ್ಕಿನ ಊಟ, ಚಳಿ, ಸುಬೇದಾರನ ಬೈಗುಳ. ಕೊನೆಯ ಹಾಳೆ ಅವನ ಅವ್ವನಿಗೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೋ, ಹಸಿ ಸೌದೆ ಊದಬೇಡ, ಕಣ್ಣು ಹಾಳಾಗುತ್ತದೆ, ಇಂಥವು. ಅತ್ತೆ ಮೊದಲ ಎರಡು ಹಾಳೆಯನ್ನು ಕೆಲಸ ಮಾಡುತ್ತಲೇ ಕೇಳುತ್ತಿದ್ದಳು. ಮೂರನೆಯದಕ್ಕೆ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದಳು.

ಅತ್ತೆಯ ಪರವಾಗಿ ಬರೆದ ಮುಂದಿನ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನದೊಂದು ಸಾಲು ಸೇರಿಸಿದೆ: "ನಿಮ್ಮ ಅವ್ವ ನನ್ನ ಬಹುಮಾನದ ಪುಸ್ತಕವನ್ನು ಮಂಡಕ್ಕಿಗೆ ಹಾಕಿದಳು. ಇನ್ನೂ ಇಪ್ಪತ್ತು ಪುಟ ಇತ್ತು." ಅವನಿಗೂ ಗೊತ್ತಿರಲಿ ಎಂದಷ್ಟೇ, ಉತ್ತರದ ಆಸೆಯಿಂದಲ್ಲ.

ಅವನ ಕಾಗದ ಬಂತು. ನಾಲ್ಕು ಗಂಟೆಗೆ ಓಣಿಯ ಬಾಯಲ್ಲಿ ಪೋಸ್ಟ್‌ಮನ್ ಅದನ್ನು ನನ್ನ ಕೈಗೇ ಕೊಡುತ್ತಿದ್ದ. ಬೇವಿನ ಮರದ ಹಿಂದೆ ನಿಂತು ಲಕೋಟೆ ಒಡೆದೆ. ಕಣ್ಣು ಮುಚ್ಚಿಕೊಂಡು ಕೊನೆಯ ಹಾಳೆ ತೆಗೆದು ಮಡಚಿ ಲಂಗದ ನೆರಿಗೆಗೆ ಸಿಕ್ಕಿಸಿದೆ. ಮನೆಗೆ ಹೋಗಿ ಎರಡು ಹಾಳೆ ಓದಿದೆ. ಅತ್ತೆ ಕೈ ತೊಳೆದುಕೊಂಡು ಬಂದು ಕೂತಳು.

"ಇಂತಿ ನಿಮ್ಮ ಮಗ ಕೊಟ್ರೇಶ," ಎಂದು ಮಡಚಿದೆ.

"ಆತೇನು ನೀಲಿ? ನಂಗೇನೂ ಬರದಿಲ್ಲೇನೇ?"

"ಇಲ್ಲ ಅತ್ತೇ."

"ಹಾಳಿ ಹಿಂದೆ ಏನರ ಐತೇನು ನೋಡವ್ವ."

ತಿರುಗಿಸಿ ಬಿಳಿಯ ಮಗ್ಗುಲು ತೋರಿಸಿದೆ. ಅವಳ ತೊಯ್ದ ಕೈ ಹಾಗೇ ತೊಡೆಯ ಮೇಲೆ ಉಳಿಯಿತು. ನನಗೆ ಆಗ ಆದ ಖುಷಿಯನ್ನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ಇಪ್ಪತ್ತು ಪುಟಕ್ಕೆ ಇದು ಒಂದು ಹಾಳೆ, ಇನ್ನೂ ಬಾಕಿ ಇದೆ ನಿನಗೆ, ಎಂದುಕೊಂಡೆ. ಹಾಳೆಯನ್ನು ಹಳೆಯ ಪೌಡರ್ ಡಬ್ಬಿಯಲ್ಲಿ, ನನ್ನ ಪುಸ್ತಕದ ಉಳಿದ ಹಾಳೆಗಳ ಜೊತೆ ಹಾಕಿ ಮುಚ್ಚಿಟ್ಟೆ. ಓದಲಿಲ್ಲ. ಓದಬೇಕೆಂದು ಬಹಳ ಅನ್ನಿಸಿತು, ಆದರೆ ಆಣೆ ಆಣೆಯೇ.

ಎರಡನೆಯ ಕಾಗದಕ್ಕೂ ಹಾಗೇ ಮಾಡಿದೆ. ಅತ್ತೆ ಈ ಸಲ ಎದ್ದು ಹೋಗಿ ತಾನೇ ಎಣ್ಣೆಯ ಬಟ್ಟಲು ತಂದು ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಳು. "ದಂಡಿನಾಗ ಇದ್ರೆ ಮನಸು ಕಲ್ಲಾಗ್ತತೇನೋ" ಎಂದು ಅವ್ವನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. ಅಂಥ ಸೋತ ದನಿ ಅವಳಿಗೆ ಹೊಸದು.

ಮೂರನೆಯ ಕಾಗದ ದೀಪಾವಳಿ ಆದ ಮೇಲೆ ಬಂತು. ಎರಡನೆಯ ಹಾಳೆಯ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು: "ಈ ಗುರುವಾರ ಮಧ್ಯಾಹ್ನ ನಮ್ಮ". ಅದನ್ನು ಓದದೆ ನುಂಗಿಕೊಂಡೆ. ಅದರ ಹಿಂದಿನ ಸಾಲಿಗೇ "ಇಂತಿ ನಿಮ್ಮ ಮಗ" ಹಚ್ಚಿದೆ. ಗುರುವಾರ ಏನೋ ಕವಾಯತು ಇರಬಹುದು ಎಂದುಕೊಂಡೆ. ಹಾಗೆಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಆ ಗುರುವಾರ ಮಧ್ಯಾಹ್ನ ಅತ್ತೆ ಏನು ಮಾಡುತ್ತಿದ್ದಳೆಂದು ಮಾತ್ರ ಚೆನ್ನಾಗಿ ನೆನಪಿದೆ. ಮಗನಿಗೆ ಪಾರ್ಸಲ್ ಕಳಿಸಲೆಂದು ಶೇಂಗಾ ಹುರಿದು ಹಿಂಡಿ ಕುಟ್ಟುತ್ತಿದ್ದಳು. ಅವನು ಒಂದು ಸಾಲು ಬರೆಯದಿದ್ದರೂ ಹಿಂಡಿ ಹೋಗಬೇಕಿತ್ತು. ಶಾಲೆಗೆ ರಜೆ ಇತ್ತು. ಸಿಪ್ಪೆ ಊದಿ ಕೊಟ್ಟವಳು ನಾನು.

ಶುಕ್ರವಾರ ಬೆಳಿಗ್ಗೆ ಹರಿಹರದಿಂದ ಮರಿಯಪ್ಪ ಬಂದ. ಅಪ್ಪನ ಗೆಳೆಯ, ಅಲ್ಲಿನ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವನು. ಬಗಲಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಕಟ್ಟೆ ಹತ್ತುತ್ತಲೇ ಅತ್ತೆಯ ಮೇಲೆ ರೇಗಿದ.

"ಏನವ್ವ ಹಾಲಮ್ಮ, ಕಾಲಿಗೇನಾಗಿತ್ತು ನಿಂಗೆ? ಬರಬಾರ್ದಿತ್ತೇನು?"

"ಎಲ್ಲಿಗೆ ಬರಲೋ?"

"ನಿನ್ನೆ ದಂಡಿನ ಗಾಡಿ ಹೋತಲ್ಲ! ದಾವಣಗೆರ್ಯಾಗ ನಿಲ್ಸಲಿಲ್ಲ, ನಮ್ಮಲ್ಲಿ ಇಂಜಿನ್ನಿಗೆ ನೀರು ತುಂಬಾಕೆ ಅರ್ಧ ತಾಸು ನಿಲ್ಸಿದ್ರು. ನಿನ್ ಮಗ ಇಳದು ಬಂದ. ಬರೀ ಗೇಟಿನ ಕಡೀನೇ ನೋಡ್ತಾನೆ. 'ಅವ್ವಗೆ ಕಾಗದ ಬರದೀನಿ ಮಾವ, ರೊಟ್ಟಿ ಹಿಂಡಿ ತರ್ತಾಳೆ' ಅಂತ ದಂಡಿನೋರು ಕೊಟ್ಟ ಊಟ ಸೈತ ಮುಟ್ಟಿದ್ದಿಲ್ಲ. ಸೀಟಿ ಹೊಡದ ಮ್ಯಾಲೂ ಬಾಗಲಾಗೇ ನಿಂತಿದ್ದ."

ಗಂಟು ಕೆಳಗಿಟ್ಟ. ಅದರಲ್ಲಿ ಕೊಟ್ರೇಶ ಮಾವ ಮನೆಯಲ್ಲಿ ಹಾಕುತ್ತಿದ್ದ ಅಂಗಿ, ತನ್ನ ಅವ್ವನಿಗೆಂದು ತಂದ ಒಂದು ಉಣ್ಣೆಯ ಶಾಲು. ಅತ್ತೆ ಗಂಟು ನೋಡಲಿಲ್ಲ. ನನ್ನನ್ನು ನೋಡಿದಳು. ಹೆಚ್ಚು ಹೊತ್ತೂ ನೋಡಲಿಲ್ಲ.

"ತಾ," ಎಂದಳು.

ಪೌಡರ್ ಡಬ್ಬಿ ತಂದು ಕೊಟ್ಟೆ.

"ಎಷ್ಟವೆ?"

"ಮೂರು."

"ಓದೀಯೇನು?"

"ಇಲ್ಲ. ಕೊನೆ ಓದಲ್ಲ ಅಂತ ಆಣಿ ಮಾಡಿದ್ದೆ. ನೀ ನನ್ ಪುಸ್ತಕ..."

ಅಪ್ಪ ಗೂಟದಿಂದ ಬೆಲ್ಟು ಎಳೆದುಕೊಂಡ. ಅತ್ತೆ ಕೈ ಅಡ್ಡ ಹಿಡಿದಳು. "ಮುಟ್ಟಬ್ಯಾಡ ಅಕೀನ. ಇದು ನಂದು ಅಕೀದು." ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಹೊಡೆಯಲು ಬಿಡಲಿಲ್ಲ.

ಆ ಮೂರು ಹಾಳೆಗಳನ್ನು ಮರಿಯಪ್ಪ ಓದಿ ಹೇಳುತ್ತೇನೆಂದ. ಅವ್ವ ಪೋಸ್ಟ್‌ಮನ್ನನ್ನು ಕರೆಯುತ್ತೇನೆಂದಳು. ಅತ್ತೆ ಹಾಳೆಗಳನ್ನು ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡಳು. "ಬ್ಯಾಡ. ನನ್ ಮಗನ ಮಾತು ಇನ್ ಯಾರ ಬಾಯಾಗೂ ಕೇಳಲ್ಲ."

ಅವಳು ಅಕ್ಷರ ಕಲಿಯತೊಡಗಿದಳು. ಐವತ್ತು ದಾಟಿದ ಹೆಂಗಸು, ಎದುರು ಮನೆಯ ಒಂದನೇ ತರಗತಿಯ ಪುಟ್ಟಿಯನ್ನು ಕೂರಿಸಿಕೊಂಡು, ಅವಳಿಗೆ ಬೆಲ್ಲದ ಚೂರು ಕೊಟ್ಟು, ಸ್ಲೇಟಿನ ಮೇಲೆ ಅ ಆ ತಿದ್ದಿದಳು. ಪಕ್ಕದಲ್ಲೇ ಕಂಠಪಾಠದಲ್ಲಿ ಮೊದಲನೇ ಬಹುಮಾನ ತಂದ ಸೊಸೆ ಇದ್ದಳು. ಅವಳನ್ನು ಒಂದಕ್ಷರ ಕೇಳಲಿಲ್ಲ. ನಾನು ಹತ್ತಿರ ಸುಳಿದರೆ ಸ್ಲೇಟನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದಳು. ನನ್ನ ತಲೆ ಬಾಚುವುದನ್ನು ಅವ್ವನಿಗೆ ಬಿಟ್ಟುಕೊಟ್ಟಳು. ಊಟ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಮಾಡುತ್ತಿದ್ದಳು, ಅದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಸೊಸೀ ಎಂದು ಮಾತ್ರ ಮತ್ತೆಂದೂ ಕರೆಯಲಿಲ್ಲ.

ಅವಳು ಇನ್ನೂ ಒತ್ತಕ್ಷರದ ಹತ್ತಿರ ಬಂದಿರಲಿಲ್ಲ, ಸರಕಾರದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಪೋಸ್ಟ್‌ಮನ್ ಕಟ್ಟೆಯ ಮೇಲೆ ನಿಂತೇ ಓದಿ ಕನ್ನಡದಲ್ಲಿ ಹೇಳಿದ. ಮೂರೇ ಸಾಲು, ಕೊನೆಯವರೆಗೂ ಓದಿದ. ಕೊಟ್ರೇಶ ಮಾವನ ದೇಹ ಬರಲಿಲ್ಲ. ಅತ್ತೆ ಆ ಶಾಲನ್ನು ದೇವರ ಜಗಲಿಯ ಮುಂದೆ ಹಾಸಿ ಅದರ ಮೇಲೆ ತಲೆಯಿಟ್ಟು ಎರಡು ದಿನ ಮಲಗಿದ್ದಳು. ಮೂರನೆಯ ದಿನ ಎದ್ದು ಪುಟ್ಟಿಯನ್ನು ಕೂಗಿ ಕರೆದಳು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವಳು ಕಂಬಕ್ಕೆ ಒರಗಿ ಕೂತಿದ್ದಳು. ಕೈಯಲ್ಲಿ ಹಾಳೆ, ಬೆರಳು ಸಾಲಿನ ಮೇಲೆ, ತುಟಿ ಅಲ್ಲಾಡುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತೆ. ಒಂದು ಹಾಳೆ ಓದಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ನನ್ನ ಕಾಲು ಮರಗಟ್ಟಿತು. ಎರಡನೆಯ ಹಾಳೆಯ ನಡುವೆ ಒಂದು ಕಡೆ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಬೆರಳು ಹಿಂದಕ್ಕೆ ತಂದು ಅದೇ ಸಾಲು ಓದಿದಳು. ಮೂರೂ ಮುಗಿಸಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಅತ್ತೇ," ಎಂದೆ, ಬಹಳ ದಿನದ ಮೇಲೆ. "ನನ್ ಬಗ್ಗೆ ಏನರ ಬರದಾನೇನು?"

"ಬರದಾನೆ. ರಜಕ್ಕೆ ಬಂದಾಗ ನೀ ಸಾಲಿಗೆ ಹೋದ ಮ್ಯಾಲೆ ಏನೋ ನೆಪ ಹೇಳಿ ಬೀಗದ ಕೈ ಇಸ್ಕಂಡು ನನ್ ಟ್ರಂಕಿನಾಗಿನ ಪುಸ್ತಕ ತೆಗದು ಪೂರ್ತಿ ಓದಿದ್ನಂತೆ. ನೀಲಿ ಅಳಬಾರ್ದು, ಅಕೀನೇ ಇದನ್ನ ಓದ್ಕಳ್ಳಿ ಅಂತ ಬರದಾನೆ. ಆ ಮಾರ್ತವ್ವನ ತಮ್ಮಂದು."

ಹೊಸ್ತಿಲು ದಾಟಿ ಒಳಗೆ ಬಂದೆ. "ಸಿಕ್ಕನೇನು ಅತ್ತೇ? ಏನ್ ಬರದಾನೆ?"

"ಬರದಾನೆ ಅಂದೆನಲ್ಲ," ಎಂದು ಎದ್ದು ಒಲೆಯ ಕಡೆ ಹೋದಳು.

ಡಬ್ಬಿಯಲ್ಲಿ ವಾರಗಟ್ಟಲೆ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು ನನ್ನ ಕತೆಯ ಕೊನೆ. ನಾನೇ ಕಣ್ಣು ಮುಚ್ಚಿಕೊಂಡು ಮುಚ್ಚಿಟ್ಟಿದ್ದೆ. ಈಗ ಅದು ಗೊತ್ತಿದ್ದದ್ದು ಇಡೀ ಓಣಿಯಲ್ಲಿ ಒಬ್ಬಳಿಗೇ, ಅದನ್ನು ಮಂಡಕ್ಕಿಗೆ ಹಾಕಿದವಳಿಗೆ. ಚೀಲ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ಸ್ನಾನಕ್ಕೆ ಹೋದಾಗ ಕದಿಯಲು ನೋಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಬಚ್ಚಲಿನ ಗೂಟಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದಳು.

ನನ್ನ ಮದುವೆಯ ಹಿಂದಿನ ದಿನ ಅರಿಶಿನ ಹಚ್ಚುತ್ತಿದ್ದಾಗ ಕೇಳಿದೆ. ಮೊದಲ ಹೆರಿಗೆಗೆ ಬಂದಾಗ, ಬಾಣಂತಿಯ ಮಾತು ತೆಗೆದುಹಾಕಲಾರಳು ಎಂಬ ಧೈರ್ಯದಿಂದ ಕೇಳಿದೆ. ಎರಡು ಸಲವೂ ಕೆಲಸ ಮಾಡುತ್ತಲೇ ಇದ್ದಳು, ಕೇಳಿಸದವಳ ಹಾಗೆ. ಅವಳ ಕೊನೆಗಾಲದಲ್ಲಿ ಹದಿನೈದು ದಿನ ನಾನೇ ಹತ್ತಿರವಿದ್ದು ನೋಡಿಕೊಂಡೆ. ಗಂಜಿ ಕುಡಿಸುತ್ತ ಕಿವಿಯ ಹತ್ತಿರ ಬಾಗಿ ಕೇಳಿದೆ, "ಅತ್ತೇ, ಈಗರ ಹೇಳು. ಮಾರ್ತವ್ವಗೆ ತಮ್ಮ ಸಿಕ್ಕನೋ ಇಲ್ಲೋ?"

ಕಣ್ಣು ಬಿಟ್ಟಳು. ದನಿ ಕುಗ್ಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ನಂಗೆ ನನ್ ಮಗ ಸಿಕ್ಕನೇನು?"

ನಮ್ಮಲ್ಲಿ ಮಣ್ಣು ಮಾಡುವುದು ಕೂರಿಸಿ. ಕುಣಿಯೊಳಗೆ ತೋಡಿದ ಗವಿಯಲ್ಲಿ ಅವಳನ್ನು ಕೂರಿಸಿದ ಮೇಲೆ ಅಯ್ಯನವರು ವಿಭೂತಿ ಇಟ್ಟರು. ಆಮೇಲೆ ಅಪ್ಪ ಆ ಎಲೆಅಡಿಕೆ ಚೀಲವನ್ನು ಅವಳ ತೊಡೆಯ ಮೇಲಿಟ್ಟ. ಹಾಗೆ ಮಾಡಬೇಕೆಂದು ಅವಳೇ ತಮ್ಮನ ಹತ್ತಿರ ಮಾತು ತೆಗೆದುಕೊಂಡಿದ್ದಳಂತೆ. ನಾನು ಅಂಚಿನಲ್ಲಿ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಎಲ್ಲರ ಹಾಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಈಗ ಆ ಓಣಿಯ ಬೇವಿನ ಮರ ಇಲ್ಲ, ಮಿಲ್ಲಿನ ಕೂಗಿಲ್ಲ, ಕಾಗದ ಬರೆಯುವವರೂ ಇಲ್ಲ, ಕೈ ತೊಳೆದುಕೊಂಡು ಬಂದು ಕೂತು ಕೇಳುವವರೂ ಇಲ್ಲ. ಆ ಪುಸ್ತಕಕ್ಕಾಗಿ ನಾನು ಹುಡುಕದ ಅಂಗಡಿಯಿಲ್ಲ, ಕೇಳದ ಲೈಬ್ರರಿಯಿಲ್ಲ. ಅಂಥದ್ದೊಂದು ಇತ್ತೆಂದೇ ಯಾರಿಗೂ ಗೊತ್ತಿಲ್ಲ. ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳ ಕತೆಗಳು ಈಗ ಕಪಾಟುಗಟ್ಟಲೆ ಬರುತ್ತವೆ. ನನ್ನ ಮೊಮ್ಮಗಳ ಹತ್ತಿರವೇ ಏಳೆಂಟಿವೆ, ನಾನೂ ತೆಗೆದುಕೊಂಡು ಓದುತ್ತೇನೆ. ಅತ್ತೆಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಹೇಳುತ್ತಿರಲಿಲ್ಲ ಎಂಬುದೂ ಗೊತ್ತು.

ಮೊನ್ನೆ ಮೊಮ್ಮಗಳು ಕೇಳಿದಳು, "ಅಜ್ಜೀ, ಎಲ್ಲಾ ಪುಸ್ತಕದಲ್ಲೂ ಕೊನೇ ಹಾಳೆ ಹತ್ರ ಬಂದು ಗುರುತು ಇಟ್ಟು ಮುಚ್ಚಿಬಿಡ್ತೀಯಲ್ಲ, ಯಾಕೆ? ನಾನು ಓದಿ ಹೇಳ್ಲಾ?"

"ಬ್ಯಾಡವ್ವ," ಎಂದೆ. ದುಗ್ಗಮ್ಮನ ಮುಂದೆ ಮಾಡಿದ ಆಣೆ ಇನ್ನೂ ತೀರಿಲ್ಲ.